ಡಿಪಿಪಿ-4: ಮಧುಮೇಹದ ಕಿಣ್ವವೇ ಕೊರೊನಾ ವೈರಾಣುವಿಗೆ ಹೆಬ್ಬಾಗಿಲಾದ ಬಗೆ

ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವ ಅನೇಕರ ಔಷಧ ಚೀಟಿಯಲ್ಲಿ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮುಂತಾದ ಹೆಸರುಗಳಲ್ಲಿ ಒಂದು ಕಂಡುಬರುವುದು ಇಂದು ಸಾಮಾನ್ಯ. 'ಗ್ಲಿಪ್ಟಿನ್' ವರ್ಗಕ್ಕೆ ಸೇರಿದ ಈ ಮಾತ್ರೆಗಳೆಲ್ಲವೂ ನಮ್ಮ ದೇಹದ ಒಂದೇ ಕಿಣ್ವವನ್ನು ಗುರಿಯಾಗಿಸಿಕೊಂಡಿವೆ. ಅದರ ಹೆಸರು ಡೈಪೆಪ್ಟಿಡೈಲ್ ಪೆಪ್ಟಿಡೇಸ್-4, ಸಂಕ್ಷಿಪ್ತವಾಗಿ ಡಿಪಿಪಿ-4. ಇದೇ ಕಿಣ್ವದ ಮೂಲಕವೇ ಒಂದು ಮಾರಕ ಕೊರೊನಾ ವೈರಾಣು ಮನುಷ್ಯನ ಜೀವಕೋಶದೊಳಗೆ ಪ್ರವೇಶಿಸುತ್ತದೆ ಎಂಬ ಸಂಗತಿ 2013ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದಿತು. ಆ ವೈರಾಣುವೇ ಮಧ್ಯಪ್ರಾಚ್ಯದ ಉಸಿರಾಟದ ಕಾಯಿಲೆಯಾದ ಮರ್ಸ್‌ಗೆ ಕಾರಣವಾದದ್ದು. ಆ ಕಾಯಿಲೆಗೆ ಬಲಿಯಾದವರಲ್ಲಿ ಮಧುಮೇಹಿಗಳ ಸಂಖ್ಯೆ ದೊಡ್ಡದಿತ್ತು.

ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಿದವರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಏಳುವುದು ಸಹಜ. ಡಿಪಿಪಿ-4ನ್ನು ತಡೆಯುವ ಮಾತ್ರೆ ವೈರಾಣುವನ್ನೂ ತಡೆಯಬಲ್ಲದೇ? ಅಥವಾ ಅದೇ ಮಾತ್ರೆ ಸೋಂಕಿಗೆ ಅನುಕೂಲ ಮಾಡಿಕೊಡುವುದೇ? ಮಧುಮೇಹಿಗಳು ಹೆಚ್ಚಾಗಿ ಸಾವಿಗೀಡಾಗಲು ಈ ಕಿಣ್ವವೇ ಕಾರಣವೇ? 2020ರಲ್ಲಿ ಕೋವಿಡ್ ಹರಡಿದಾಗ ಇದೇ ಪ್ರಶ್ನೆಗಳು ವೈದ್ಯ ವಲಯದಲ್ಲಿ ಮತ್ತೊಮ್ಮೆ ಚರ್ಚೆಗೆ ಬಂದವು. ಇವುಗಳಿಗೆ ವಿಜ್ಞಾನ ಇದುವರೆಗೆ ಕಂಡುಕೊಂಡ ಉತ್ತರಗಳೇನು ಎಂಬುದರ ವಿವರ ಇಲ್ಲಿದೆ.

ಏನಿದು ಡಿಪಿಪಿ-4?

ಫಿನ್ಲೆಂಡಿನ ಹೋಪ್ಸು-ಹಾವು ಮತ್ತು ಅಮೆರಿಕದ ಜಾರ್ಜ್ ಗ್ಲೆನರ್ ಎಂಬ ವಿಜ್ಞಾನಿಗಳು 1966ರಲ್ಲಿ ಇಲಿಯ ಯಕೃತ್ತಿನಲ್ಲಿ ಈ ಕಿಣ್ವವನ್ನು ಮೊದಲ ಬಾರಿಗೆ ಗುರುತಿಸಿದರು. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಆ ಸರದ ಒಂದು ತುದಿಯಿಂದ ಎರಡೆರಡು ಮಣಿಗಳನ್ನು ಕತ್ತರಿಸಿ ತೆಗೆಯುವುದೇ ಡಿಪಿಪಿ-4ರ ಕೆಲಸ. ಆದರೆ ಎಲ್ಲ ಸರಗಳನ್ನೂ ಅದು ಕತ್ತರಿಸುವುದಿಲ್ಲ. ತುದಿಯಿಂದ ಎರಡನೆಯ ಸ್ಥಾನದಲ್ಲಿ ಪ್ರೋಲಿನ್ ಅಥವಾ ಅಲನಿನ್ ಎಂಬ ಅಮೈನೋ ಆಮ್ಲ ಇದ್ದರೆ ಅಂತಹ ಸರಗಳೇ ಅದರ ಮುಖ್ಯ ಗುರಿ.

ಮನುಷ್ಯನ ಡಿಪಿಪಿ-4ರಲ್ಲಿ 766 ಅಮೈನೋ ಆಮ್ಲಗಳಿವೆ. ಅದನ್ನು ರೂಪಿಸುವ ವಂಶವಾಹಿ ಎರಡನೆಯ ವರ್ಣತಂತುವಿನಲ್ಲಿದೆ. ಈ ಪ್ರೋಟೀನಿನ ಸಣ್ಣ ಬಾಲ ಜೀವಕೋಶದ ಪೊರೆಯಲ್ಲಿ ನಾಟಿಕೊಂಡಿರುತ್ತದೆ. ಉಳಿದ ಬಹುಭಾಗ ಹೊರಗೆ ಚಾಚಿಕೊಂಡಿರುತ್ತದೆ. ಎರಡು ಅಣುಗಳು ಜೋಡಿಯಾಗಿ ಕೂಡಿಕೊಂಡಾಗಲೇ ಅದು ಸರಿಯಾಗಿ ಕೆಲಸ ಮಾಡುತ್ತದೆ. ಹೊರಗೆ ಚಾಚಿದ ಭಾಗದಲ್ಲಿ ಎರಡು ಮುಖ್ಯ ಅಂಗಗಳಿವೆ. ಒಂದು, ಸರವನ್ನು ಕತ್ತರಿಸುವ ಭಾಗ. ಇನ್ನೊಂದು, ಎಂಟು ರೆಕ್ಕೆಗಳುಳ್ಳ ಪ್ರೊಪೆಲ್ಲರ್‌ನಂತೆ ಕಾಣುವ ಭಾಗ. ಈ ಎರಡರ ನಡುವಿನ ಪೊಳ್ಳಿನಲ್ಲಿ ಕತ್ತರಿಸುವ ಕ್ರಿಯೆ ನಡೆಯುತ್ತದೆ. ಮುಂದೆ ಬರುವ ವಿವರಣೆಗೆ ಈ ಎರಡು ಅಂಗಗಳ ವ್ಯತ್ಯಾಸವೇ ಆಧಾರವಾದ್ದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಮೂತ್ರಪಿಂಡ, ಸಣ್ಣ ಕರುಳು, ಯಕೃತ್ತು, ಶ್ವಾಸಕೋಶ, ರಕ್ತನಾಳಗಳ ಒಳಪದರ ಹೀಗೆ ದೇಹದ ಅನೇಕ ಅಂಗಗಳಲ್ಲಿ ಡಿಪಿಪಿ-4 ಇದೆ. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಮೇಲೂ ಇದೆ. ಅಲ್ಲಿ ಇದನ್ನು ಸಿಡಿ26 ಎಂಬ ಹೆಸರಿನಿಂದ ಕರೆಯುತ್ತಾರೆ. ಟಿ ಕೋಶಗಳು ಚುರುಕಾಗಲು ಬೇಕಾದ ಸಂಕೇತ ರವಾನೆಯಲ್ಲಿ ಇದಕ್ಕೊಂದು ಪಾತ್ರವಿದೆ. ಪೊರೆಯಿಂದ ಕಳಚಿಕೊಂಡ ಡಿಪಿಪಿ-4 ರಕ್ತದಲ್ಲಿಯೂ ತೇಲುತ್ತಿರುತ್ತದೆ. ಬೊಜ್ಜು ಮತ್ತು ಎರಡನೆಯ ಬಗೆಯ ಮಧುಮೇಹ ಇರುವವರಲ್ಲಿ ಈ ತೇಲುವ ಕಿಣ್ವದ ಪ್ರಮಾಣ ಹೆಚ್ಚಿರುವುದನ್ನು ಸಂಶೋಧಕರು ಗಮನಿಸಿದ್ದಾರೆ.

ಸಕ್ಕರೆ ಕಾಯಿಲೆಯೊಂದಿಗಿನ ನಂಟು

ನಾವು ಊಟ ಮಾಡಿದ ಕೂಡಲೇ ಕರುಳಿನ ಗೋಡೆಯ ಕೆಲವು ಕೋಶಗಳು ಜಿಎಲ್‌ಪಿ-1 ಮತ್ತು ಜಿಐಪಿ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಸಕ್ಕರೆ ಬರುತ್ತಿದೆ, ಇನ್ಸುಲಿನ್ ಸಿದ್ಧಪಡಿಸು ಎಂದು ಮೇದೋಜೀರಕ ಗ್ರಂಥಿಗೆ ಇವು ಮುನ್ಸೂಚನೆ ನೀಡುತ್ತವೆ. ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟಾಗ ಸ್ರವಿಸುವ ಇನ್ಸುಲಿನ್‌ಗಿಂತ ಬಾಯಿಯ ಮೂಲಕ ಕೊಟ್ಟಾಗ ಸ್ರವಿಸುವ ಇನ್ಸುಲಿನ್ ಹೆಚ್ಚು. ಅದಕ್ಕೆ ಈ ಹಾರ್ಮೋನುಗಳೇ ಕಾರಣ.

ಆದರೆ ಇವುಗಳ ಆಯುಷ್ಯ ಬಹಳ ಕಡಿಮೆ. ಜಿಎಲ್‌ಪಿ-1 ಮತ್ತು ಜಿಐಪಿ ಎರಡರಲ್ಲಿಯೂ ತುದಿಯಿಂದ ಎರಡನೆಯ ಮಣಿ ಅಲನಿನ್. ಅಂದರೆ ಡಿಪಿಪಿ-4 ಕತ್ತರಿಸಲು ಹೇಳಿ ಮಾಡಿಸಿದಂತಹ ಸರಗಳು. ಹೀಗಾಗಿ ಜಿಎಲ್‌ಪಿ-1ರ ಅರ್ಧದಷ್ಟು ಭಾಗ ಸುಮಾರು ಎರಡು ನಿಮಿಷಗಳಲ್ಲೇ ನಿಷ್ಕ್ರಿಯವಾಗುತ್ತದೆ. ಈ ಕತ್ತರಿಸುವಿಕೆಯನ್ನು ತಡೆದರೆ ಹಾರ್ಮೋನು ಇನ್ನಷ್ಟು ಹೊತ್ತು ಕೆಲಸ ಮಾಡೀತು ಎಂಬ ಯೋಚನೆಯೇ ಗ್ಲಿಪ್ಟಿನ್ ಮಾತ್ರೆಗಳ ಹುಟ್ಟಿಗೆ ಕಾರಣ. ಈ ವರ್ಗದ ಮೊದಲ ಔಷಧ ಸಿಟಾಗ್ಲಿಪ್ಟಿನ್‌ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2006ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಬಳಿಕ ವಿಲ್ಡಾಗ್ಲಿಪ್ಟಿನ್, ಸ್ಯಾಕ್ಸಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್ ಮುಂತಾದವು ಬಂದವು. ಭಾರತದಲ್ಲಿ ವಿಲ್ಡಾಗ್ಲಿಪ್ಟಿನ್‌ನ ಪೇಟೆಂಟ್ 2019ರ ಡಿಸೆಂಬರ್‌ನಲ್ಲಿ, ಸಿಟಾಗ್ಲಿಪ್ಟಿನ್‌ನ ಪೇಟೆಂಟ್ 2022ರ ಜುಲೈನಲ್ಲಿ ಮುಗಿದ ಮೇಲೆ ಅನೇಕ ಕಂಪನಿಗಳು ಇವುಗಳನ್ನು ತಯಾರಿಸತೊಡಗಿದವು. ಬೆಲೆ ಇಳಿದು ಬಳಕೆ ವ್ಯಾಪಕವಾಯಿತು.

ಜೆದ್ದಾದಿಂದ ರೋಟರ್‌ಡ್ಯಾಮ್‌ಗೆ

2012ರ ಜೂನ್‌ನಲ್ಲಿ ಸೌದಿ ಅರೇಬಿಯಾದ ಜೆದ್ದಾ ನಗರದ ಖಾಸಗಿ ಆಸ್ಪತ್ರೆಯೊಂದಕ್ಕೆ 60 ವರ್ಷದ ವ್ಯಕ್ತಿಯೊಬ್ಬರು ತೀವ್ರ ನ್ಯುಮೋನಿಯಾದಿಂದ ದಾಖಲಾದರು. ಮೂತ್ರಪಿಂಡಗಳೂ ವಿಫಲವಾಗಿ ಅವರು ಹನ್ನೊಂದು ದಿನಗಳಲ್ಲಿ ಮೃತಪಟ್ಟರು. ಅಲ್ಲಿನ ವೈರಾಣು ತಜ್ಞ ಡಾ. ಅಲಿ ಮೊಹಮ್ಮದ್ ಝಾಕಿ ಅವರಿಗೆ ರೋಗಿಯ ಕಫದಲ್ಲಿ ಪರಿಚಿತ ರೋಗಾಣುಗಳಾವುವೂ ಸಿಗಲಿಲ್ಲ. ಅವರು ಮಾದರಿಯನ್ನು ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿರುವ ಎರಾಸ್ಮಸ್ ವೈದ್ಯಕೀಯ ಕೇಂದ್ರಕ್ಕೆ ಕಳುಹಿಸಿದರು. ಅದು ಹಿಂದೆಂದೂ ಮನುಷ್ಯರಲ್ಲಿ ಕಂಡಿರದ ಕೊರೊನಾ ವೈರಾಣು ಎಂಬುದು ಅಲ್ಲಿ ಖಚಿತವಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಜೋರ್ಡಾನ್‌ನ ಝರ್ಕಾ ನಗರದ ಆಸ್ಪತ್ರೆಯಲ್ಲಿ ಹರಡಿದ್ದ ಕಾಯಿಲೆಗೂ ಇದೇ ವೈರಾಣು ಕಾರಣವಾಗಿತ್ತೆಂದು ಸಂಗ್ರಹಿಸಿಟ್ಟಿದ್ದ ಮಾದರಿಗಳಿಂದ ನಂತರ ತಿಳಿಯಿತು. 2013ರ ಮೇ ತಿಂಗಳಲ್ಲಿ ಇದಕ್ಕೆ ಮರ್ಸ್ ಕೊರೊನಾ ವೈರಾಣು ಎಂಬ ಹೆಸರು ನಿಗದಿಯಾಯಿತು.

ಅಂದಿನಿಂದ ಇಂದಿನವರೆಗೆ 27 ದೇಶಗಳಲ್ಲಿ 2600ಕ್ಕೂ ಹೆಚ್ಚು ಮಂದಿಗೆ ಈ ಸೋಂಕು ದೃಢಪಟ್ಟಿದೆ. 900ಕ್ಕೂ ಹೆಚ್ಚು ಜನರು ಸಾವಿಗೀಡಾಗಿದ್ದಾರೆ. ದೃಢಪಟ್ಟವರಲ್ಲಿ ನೂರಕ್ಕೆ ಸುಮಾರು 36 ಮಂದಿ ಸತ್ತಿದ್ದಾರೆ ಎಂದರೆ ಇದರ ಮಾರಕ ಶಕ್ತಿ ಅರ್ಥವಾದೀತು. ಬಹುಪಾಲು ಪ್ರಕರಣಗಳು ಸೌದಿ ಅರೇಬಿಯಾದವು. ಅಲ್ಲಿಂದ ಹೊರಗೆ ನಡೆದ ಅತಿ ದೊಡ್ಡ ಹರಡುವಿಕೆ 2015ರ ದಕ್ಷಿಣ ಕೊರಿಯದ್ದು. ಮಧ್ಯಪ್ರಾಚ್ಯ ಪ್ರವಾಸದಿಂದ ಮರಳಿದ ಒಬ್ಬ ವ್ಯಕ್ತಿಯಿಂದ ಆರಂಭವಾಗಿ ಆಸ್ಪತ್ರೆಗಳ ಮೂಲಕ ಹಬ್ಬಿದ ಸೋಂಕು 186 ಮಂದಿಗೆ ತಗುಲಿ 38 ಜನರನ್ನು ಬಲಿ ತೆಗೆದುಕೊಂಡಿತು.

ಬಾಗಿಲು ಪತ್ತೆಯಾದ ಬಗೆ

ಯಾವುದೇ ವೈರಾಣು ತಾನಾಗಿಯೇ ವೃದ್ಧಿಯಾಗಲಾರದು. ಅದು ಜೀವಕೋಶದ ಒಳಗೆ ಹೋಗಲೇಬೇಕು. ಹಾಗೆ ಹೋಗಲು ಕೋಶದ ಹೊರಮೈಯಲ್ಲಿರುವ ಯಾವುದಾದರೂ ಒಂದು ಅಣುವನ್ನು ಅದು ಹಿಡಿದುಕೊಳ್ಳಬೇಕು. ಆ ಅಣುವಿಗೆ ಗ್ರಾಹಕ ಎಂದು ಹೆಸರು. ಕೊರೊನಾ ವೈರಾಣುಗಳ ಮೈಮೇಲೆ ಕಿರೀಟದಂತೆ ಚಾಚಿಕೊಂಡಿರುವ ಮುಳ್ಳಿನ ಪ್ರೋಟೀನ್ ಈ ಹಿಡಿಯುವ ಕೆಲಸ ಮಾಡುತ್ತದೆ. 2003ರಲ್ಲಿ ಜಗತ್ತನ್ನು ಬೆದರಿಸಿದ ಸಾರ್ಸ್ ವೈರಾಣು ಎಸಿಇ-2 ಎಂಬ ಗ್ರಾಹಕವನ್ನು ಬಳಸುತ್ತದೆ ಎಂಬುದು ಆಗಲೇ ಗೊತ್ತಿತ್ತು. ಹೊಸ ವೈರಾಣುವೂ ಅದನ್ನೇ ಬಳಸುತ್ತಿರಬಹುದೆಂಬ ಊಹೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಎರಾಸ್ಮಸ್ ಕೇಂದ್ರ ಮತ್ತು ಯುಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಸರಳವಾದೊಂದು ಉಪಾಯ ಹೂಡಿದರು. ಮುಳ್ಳಿನ ಪ್ರೋಟೀನಿನ ಹಿಡಿಯುವ ಭಾಗವನ್ನೇ ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಬಳಸಿ, ಸೋಂಕು ತಗುಲಬಲ್ಲ ಕೋಶಗಳ ದ್ರಾವಣದಲ್ಲಿ ಅದ್ದಿದರು. ಅದಕ್ಕೆ ಅಂಟಿಕೊಂಡು ಬಂದ ಪ್ರೋಟೀನನ್ನು ವಿಶ್ಲೇಷಿಸಿದಾಗ ಅದು ಡಿಪಿಪಿ-4 ಎಂದು ತಿಳಿಯಿತು. ಇದನ್ನು ಖಚಿತಪಡಿಸಿಕೊಳ್ಳಲು ಅವರು ಮತ್ತೂ ಎರಡು ಪರೀಕ್ಷೆ ನಡೆಸಿದರು. ಸಹಜವಾಗಿ ಈ ವೈರಾಣುವಿಗೆ ಜಗ್ಗದ ಕೋಶಗಳಲ್ಲಿ ಮನುಷ್ಯನ ಡಿಪಿಪಿ-4 ಉತ್ಪತ್ತಿಯಾಗುವಂತೆ ಮಾಡಿದಾಗ ಅವಕ್ಕೂ ಸೋಂಕು ತಗುಲಿತು. ಡಿಪಿಪಿ-4ಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಮೊದಲೇ ಸೇರಿಸಿದಾಗ ಸೋಂಕು ನಿಂತಿತು. 2013ರ ಮಾರ್ಚ್ 14ರ 'ನೇಚರ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ವೈರಾಣು ಪತ್ತೆಯಾದ ಒಂದು ವರ್ಷದೊಳಗೆ ಅದರ ಬಾಗಿಲೂ ಪತ್ತೆಯಾದದ್ದು ಗಮನಾರ್ಹ.

ಅಲಗು ಬೇರೆ, ಹಿಡಿ ಬೇರೆ

ಗ್ಲಿಪ್ಟಿನ್ ಮಾತ್ರೆಗಳು ಆಗಲೇ ಮಾರುಕಟ್ಟೆಯಲ್ಲಿದ್ದವು. ಹಾಗಾದರೆ ಮರ್ಸ್‌ಗೆ ಮದ್ದು ಸಿದ್ಧವಾಗಿಯೇ ಇದೆಯಲ್ಲವೇ ಎಂದು ಯಾರಿಗಾದರೂ ಅನಿಸುವುದು ಸಹಜ. ಸಂಶೋಧಕರು ಅದೇ ಪ್ರಯೋಗದಲ್ಲಿ ಇದನ್ನೂ ಪರೀಕ್ಷಿಸಿದ್ದರು. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಸ್ಯಾಕ್ಸಾಗ್ಲಿಪ್ಟಿನ್ ಇವು ಯಾವುವೂ ವೈರಾಣುವಿನ ಪ್ರವೇಶವನ್ನು ತಡೆಯಲಿಲ್ಲ.

ಇದಕ್ಕೆ ಕಾರಣ ಅದೇ ವರ್ಷ ಸ್ಪಷ್ಟವಾಯಿತು. ಮುಳ್ಳಿನ ಪ್ರೋಟೀನ್ ಮತ್ತು ಡಿಪಿಪಿ-4 ಒಂದನ್ನೊಂದು ಹಿಡಿದುಕೊಂಡಿರುವ ಭಂಗಿಯನ್ನು ಚೀನಾದ ವಿಜ್ಞಾನಿಗಳು ಕ್ಷ-ಕಿರಣಗಳ ನೆರವಿನಿಂದ ಬಿಡಿಸಿ ತೋರಿಸಿದರು. ವೈರಾಣು ಹಿಡಿಯುವುದು ಪ್ರೊಪೆಲ್ಲರ್‌ನ ನಾಲ್ಕು ಮತ್ತು ಐದನೆಯ ರೆಕ್ಕೆಗಳ ಹೊರಮೈಯನ್ನು. ಕತ್ತರಿಸುವ ಕ್ರಿಯೆ ನಡೆಯುವ ಪೊಳ್ಳಿಗೂ ಈ ಜಾಗಕ್ಕೂ ಸಾಕಷ್ಟು ಅಂತರವಿದೆ. ಮಲೆನಾಡಿನ ಮನೆಗಳ ಅಡಕತ್ತರಿಯನ್ನು ಇಲ್ಲಿ ನೆನೆಯಬಹುದು. ಗ್ಲಿಪ್ಟಿನ್ ಮಾತ್ರೆ ಅಡಕತ್ತರಿಯ ಅಲಗುಗಳ ನಡುವೆ ಸಿಕ್ಕಿಕೊಂಡು ಅದು ಅಡಕೆ ಕತ್ತರಿಸದಂತೆ ಮಾಡುತ್ತದೆ. ಆದರೆ ವೈರಾಣುವಿಗೆ ಬೇಕಾದದ್ದು ಅಲಗಲ್ಲ, ಹಿಡಿ. ಅಲಗು ಕೆಲಸ ಮಾಡಲಿ, ಬಿಡಲಿ, ಹಿಡಿಯನ್ನು ಹಿಡಿಯಲು ಅದಕ್ಕೆ ಅಡ್ಡಿಯಿಲ್ಲ.

ಇದು ಡಿಪಿಪಿ-4ಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ನೆಗಡಿ ತರುವ 229ಇ ಎಂಬ ಕೊರೊನಾ ವೈರಾಣು ಅಮೈನೋಪೆಪ್ಟಿಡೇಸ್-ಎನ್ ಎಂಬ ಕಿಣ್ವವನ್ನು ಬಾಗಿಲಾಗಿ ಬಳಸುತ್ತದೆಂದು 1992ರಲ್ಲಿಯೇ ತಿಳಿದಿತ್ತು. ಸಾರ್ಸ್ ಮತ್ತು ಕೋವಿಡ್ ವೈರಾಣುಗಳು ಬಳಸುವ ಎಸಿಇ-2 ಸಹ ಪ್ರೋಟೀನ್ ಸರಗಳನ್ನು ಕತ್ತರಿಸುವ ಕಿಣ್ವವೇ. ಈ ಮೂರರಲ್ಲಿಯೂ ವೈರಾಣುವಿಗೆ ಕಿಣ್ವದ ಕೆಲಸ ಬೇಕಿಲ್ಲ. ಅದರ ಮೈ ಮಾತ್ರ ಸಾಕು.

ವೈರಾಣು ಹಿಡಿಯುವ ಜಾಗವನ್ನು ನಮ್ಮ ದೇಹದಲ್ಲಿ ಮತ್ತೊಂದು ಅಣುವೂ ಬಳಸುತ್ತದೆ. ಅಡೆನೋಸಿನ್ ಡಿಅಮಿನೇಸ್ ಎಂಬ ಆ ಕಿಣ್ವ ಟಿ ಕೋಶಗಳ ಮೇಲಿನ ಡಿಪಿಪಿ-4ಕ್ಕೆ ಸಹಜವಾಗಿ ಅಂಟಿಕೊಳ್ಳುತ್ತದೆ. ಅದು ಮೊದಲೇ ಜಾಗ ಹಿಡಿದಿದ್ದರೆ ವೈರಾಣುವಿಗೆ ಎಡೆಯಿಲ್ಲ ಎಂಬುದು ಪ್ರಯೋಗಶಾಲೆಯಲ್ಲಿ ದೃಢಪಟ್ಟಿದೆ. ಹಾಗೆಯೇ ಪೊರೆಯಿಂದ ಕಳಚಿದ ಡಿಪಿಪಿ-4ನ್ನು ಹೆಚ್ಚಿನ ಪ್ರಮಾಣದಲ್ಲಿ ವೈರಾಣುವಿನೊಂದಿಗೆ ಬೆರೆಸಿದಾಗ ಸೋಂಕು ಕಡಿಮೆಯಾಯಿತು. ಕೋಶಕ್ಕೆ ಅಂಟಿರದ ಕಿಣ್ವವನ್ನು ಹಿಡಿದುಕೊಂಡ ವೈರಾಣು ಎಲ್ಲಿಗೂ ಹೋಗಲಾರದು. ಹೀಗಾಗಿ ಮಧುಮೇಹಿಗಳ ರಕ್ತದಲ್ಲಿ ತೇಲುವ ಡಿಪಿಪಿ-4 ಹೆಚ್ಚಿರುವುದರಿಂದಲೇ ಸೋಂಕು ಹೆಚ್ಚುತ್ತದೆ ಎನ್ನಲು ಬರುವುದಿಲ್ಲ.

ಒಂಟೆಯ ಮೂಗು, ಮನುಷ್ಯನ ಶ್ವಾಸಕೋಶ

ಯಾವ ಪ್ರಾಣಿಗೆ ಸೋಂಕು ತಗುಲುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನೂ ಈ ಬಾಗಿಲು ಬಹುಮಟ್ಟಿಗೆ ನಿರ್ಧರಿಸುತ್ತದೆ. ಡಿಪಿಪಿ-4 ಎಲ್ಲ ಸಸ್ತನಿಗಳಲ್ಲೂ ಇದೆ. ಆದರೆ ಅದರ ಹಿಡಿಯ ವಿನ್ಯಾಸದಲ್ಲಿ ಸಣ್ಣ ವ್ಯತ್ಯಾಸಗಳಿವೆ. ಒಂಟೆ, ಆಡು, ಬಾವಲಿಗಳ ಡಿಪಿಪಿ-4 ವೈರಾಣುವಿಗೆ ಒಗ್ಗುತ್ತದೆ. ಇಲಿಯದು ಒಗ್ಗುವುದಿಲ್ಲ. ಇಲಿಯ ಡಿಪಿಪಿ-4ರ 766ಕ್ಕೆ ಸಮೀಪದಷ್ಟು ಅಮೈನೋ ಆಮ್ಲಗಳ ಪೈಕಿ ಕೇವಲ ಎರಡನ್ನು ಬದಲಿಸಿದಾಗ ಇಲಿಗಳಿಗೂ ಸೋಂಕು ತಗುಲಿತೆಂದು 2016ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಒಂದು ಜೀವಿಯಿಂದ ಇನ್ನೊಂದಕ್ಕೆ ರೋಗ ದಾಟುವುದಕ್ಕೂ ದಾಟದಿರುವುದಕ್ಕೂ ನಡುವಿನ ಗೋಡೆ ಕೆಲವೊಮ್ಮೆ ಇಷ್ಟೇ ತೆಳುವಾಗಿರುತ್ತದೆ.

ಮರ್ಸ್ ವೈರಾಣುವಿನ ನೆಲೆ ಒಂಟೆಗಳು. 2013ರಲ್ಲಿ ಒಮಾನ್‌ನ 50 ಒಂಟೆಗಳ ರಕ್ತ ಪರೀಕ್ಷಿಸಿದಾಗ ಐವತ್ತರಲ್ಲೂ ಪ್ರತಿಕಾಯಗಳು ಸಿಕ್ಕಿದವು. ಪೂರ್ವ ಆಫ್ರಿಕದಲ್ಲಿ 1983ರಷ್ಟು ಹಿಂದೆಯೇ ಸಂಗ್ರಹಿಸಿದ್ದ ಒಂಟೆಗಳ ರಕ್ತದಲ್ಲೂ ಅವು ಇದ್ದವು. ಆದರೂ ಒಂಟೆಗಳಲ್ಲಿ ಇದು ನೆಗಡಿಯಂತಹ ಸೌಮ್ಯ ಕಾಯಿಲೆ ಮಾತ್ರ. ಕಾರಣಗಳಲ್ಲೊಂದು ಡಿಪಿಪಿ-4 ಇರುವ ಸ್ಥಳ. ಒಂಟೆಯಲ್ಲಿ ಅದು ಮೂಗಿನ ಒಳಪದರದಲ್ಲಿ ಧಾರಾಳವಾಗಿದೆ. ಹಾಗಾಗಿ ವೈರಾಣು ಮೂಗಿನಲ್ಲೇ ಬೆಳೆದು ಸೀನಿನ ಮೂಲಕ ಸುಲಭವಾಗಿ ಹರಡುತ್ತದೆ. ಮನುಷ್ಯನ ಮೂಗಿನಲ್ಲಿ ಡಿಪಿಪಿ-4 ಅತ್ಯಲ್ಪ. ಶ್ವಾಸಕೋಶದ ಆಳದ ಗಾಳಿಗೂಡುಗಳಲ್ಲಿ ಅದು ಕಂಡುಬರುತ್ತದೆ. ಆದ್ದರಿಂದ ಮನುಷ್ಯರಲ್ಲಿ ಸೋಂಕು ತಗುಲುವುದೂ ಒಬ್ಬರಿಂದೊಬ್ಬರಿಗೆ ಹರಡುವುದೂ ಕಷ್ಟ. ಆದರೆ ಒಮ್ಮೆ ತಗುಲಿದರೆ ಅದು ನೇರವಾಗಿ ಶ್ವಾಸಕೋಶದ ಆಳಕ್ಕೇ ಇಳಿಯುತ್ತದೆ. ಕಡಿಮೆ ಹರಡುವಿಕೆ, ಹೆಚ್ಚು ಸಾವು ಎಂಬ ಮರ್ಸ್‌ನ ವಿಚಿತ್ರ ಸ್ವಭಾವಕ್ಕೆ ಇದೊಂದು ವಿವರಣೆ. ಧೂಮಪಾನಿಗಳು ಹಾಗೂ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರ ಶ್ವಾಸಕೋಶದಲ್ಲಿ ಡಿಪಿಪಿ-4 ಹೆಚ್ಚಾಗಿರುವುದನ್ನೂ ಅಧ್ಯಯನಗಳು ದಾಖಲಿಸಿವೆ.

ಮಧುಮೇಹಿಗಳಿಗೇ ಏಕೆ ಹೆಚ್ಚು ಅಪಾಯ?

ಸೌದಿ ಅರೇಬಿಯಾದ ಮೊದಲ 47 ಪ್ರಕರಣಗಳ ವಿವರ 2013ರಲ್ಲಿ ಪ್ರಕಟವಾಯಿತು. ಅವರಲ್ಲಿ 32 ಮಂದಿಗೆ, ಅಂದರೆ ನೂರಕ್ಕೆ 68 ಮಂದಿಗೆ ಮಧುಮೇಹವಿತ್ತು. 28 ಜನರು ಮೃತಪಟ್ಟರು. ಸೌದಿಯಲ್ಲಿ ಮಧುಮೇಹವೇ ವ್ಯಾಪಕವಾಗಿದೆ ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಈ ಪ್ರಮಾಣ ದೊಡ್ಡದು. ಮಧುಮೇಹಿಗಳಲ್ಲಿ ಬಾಗಿಲುಗಳೇ ಹೆಚ್ಚಿದ್ದು ವೈರಾಣು ಹೆಚ್ಚಾಗಿ ನುಗ್ಗುತ್ತಿದೆಯೇ ಎಂಬ ಸಂಶಯ ಹುಟ್ಟಿದ್ದು ಇಲ್ಲಿಯೇ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಇದಕ್ಕೆ ಉತ್ತರ ಹುಡುಕಿತು. ಮನುಷ್ಯನ ಡಿಪಿಪಿ-4 ಇರುವಂತೆ ರೂಪಿಸಿದ ಇಲಿಗಳಲ್ಲಿ ಕೆಲವಕ್ಕೆ ಕೊಬ್ಬಿನ ಆಹಾರ ಕೊಟ್ಟು ಮಧುಮೇಹ ಬರಿಸಲಾಯಿತು. ಬಳಿಕ ಎಲ್ಲಕ್ಕೂ ಮರ್ಸ್ ವೈರಾಣುವಿನ ಸೋಂಕು ತಗುಲಿಸಲಾಯಿತು. ಮಧುಮೇಹವಿದ್ದ ಇಲಿಗಳು ಹೆಚ್ಚು ತೀವ್ರವಾಗಿ, ಹೆಚ್ಚು ದಿನ ನರಳಿದವು. ಆದರೆ ಅವುಗಳ ಶ್ವಾಸಕೋಶದಲ್ಲಿ ವೈರಾಣುವಿನ ಪ್ರಮಾಣ ಉಳಿದ ಇಲಿಗಳಿಗಿಂತ ಹೆಚ್ಚಿರಲಿಲ್ಲ. ವ್ಯತ್ಯಾಸವಿದ್ದದ್ದು ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆಯಲ್ಲಿ. ಸೋಂಕಿನ ಜಾಗಕ್ಕೆ ಧಾವಿಸಬೇಕಾದ ರಕ್ಷಕ ಕೋಶಗಳ ಸಂಖ್ಯೆ ಕಡಿಮೆಯಿತ್ತು; ಅವುಗಳನ್ನು ಕರೆಯುವ ಸಂಕೇತಗಳೂ ಕ್ಷೀಣವಾಗಿದ್ದವು. ಉರಿಯೂತ ತಡವಾಗಿ ಎದ್ದು, ತಡವಾಗಿಯೂ ಶಮನವಾಗದೆ ಉಳಿಯಿತು.

ಅಂದರೆ ಮಧುಮೇಹಿಯ ಮನೆಗೆ ಕಳ್ಳರು ಹೆಚ್ಚಾಗಿ ನುಗ್ಗುವುದರಿಂದಲ್ಲ, ಒಳಗಿನ ಕಾವಲು ಹದಗೆಟ್ಟಿರುವುದರಿಂದ ಹಾನಿ ಹೆಚ್ಚಾಗುತ್ತದೆ. ಇಲಿಗಳ ಮೇಲಿನ ಈ ಫಲಿತಾಂಶವನ್ನು ಯಥಾವತ್ತಾಗಿ ಮನುಷ್ಯರಿಗೆ ಅನ್ವಯಿಸಲಾಗದು. ಆದರೂ ಅಪಾಯದ ಮೂಲವನ್ನು ಕೇವಲ ಗ್ರಾಹಕದಲ್ಲಿ ಹುಡುಕುವುದು ಸರಿಯಲ್ಲ ಎಂಬುದನ್ನು ಅದು ಮನಗಾಣಿಸಿತು.

ಕೋವಿಡ್ ಕಾಲದ ಗೊಂದಲ

2020ರಲ್ಲಿ ಕೋವಿಡ್ ಬಂದಾಗ ಇದೇ ಚಿತ್ರ ಬೃಹತ್ ಪ್ರಮಾಣದಲ್ಲಿ ಮರುಕಳಿಸಿತು. ಇಂಗ್ಲೆಂಡಿನಲ್ಲಿ ಮೊದಲ ಅಲೆಯ ವೇಳೆ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಸತ್ತವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಮಧುಮೇಹಿಗಳು. ಅದೇ ಹೊತ್ತಿಗೆ ಕೋವಿಡ್ ವೈರಾಣುವೂ ಡಿಪಿಪಿ-4ನ್ನು ಹಿಡಿಯಬಹುದೆಂದು ಕಂಪ್ಯೂಟರ್ ಮಾದರಿಗಳನ್ನು ಆಧರಿಸಿದ ಲೇಖನವೊಂದು ಊಹಿಸಿತು. ಗ್ಲಿಪ್ಟಿನ್ ಮಾತ್ರೆಗಳ ಬಗೆಗಿನ ಕುತೂಹಲ ಒಮ್ಮೆಗೇ ಏರಿತು.

ಆದರೆ ನಿಜವಾದ ಕೋಶಗಳಲ್ಲಿ ನಡೆಸಿದ ಪ್ರಯೋಗಗಳು ಬೇರೆಯೇ ಹೇಳಿದವು. ಎಸಿಇ-2 ಇದ್ದ ಕೋಶಗಳಿಗೆ ಕೋವಿಡ್ ವೈರಾಣುವಿನ ಮುಳ್ಳು ಪ್ರವೇಶ ಪಡೆಯಿತು. ಡಿಪಿಪಿ-4 ಮಾತ್ರ ಇದ್ದ ಕೋಶಗಳಿಗೆ ಪಡೆಯಲಿಲ್ಲ. ಮರ್ಸ್‌ಗೆ ಬಾಗಿಲಾದ ಕಿಣ್ವ ಕೋವಿಡ್‌ಗೆ ಬಾಗಿಲಲ್ಲ ಎಂಬುದು ಹೀಗೆ ಸ್ಪಷ್ಟವಾಯಿತು.

ಆದರೂ ಗ್ಲಿಪ್ಟಿನ್‌ಗಳು ಉರಿಯೂತವನ್ನು ತಗ್ಗಿಸಿ ಬೇರೆ ದಾರಿಯಿಂದ ನೆರವಾಗಬಹುದೇ ಎಂಬ ಪ್ರಶ್ನೆ ಉಳಿದಿತ್ತು. ಡಿಪಿಪಿ-4 ರೋಗನಿರೋಧಕ ಕೋಶಗಳ ಮೇಲೂ ಇರುವುದರಿಂದ ಇದು ತಳ್ಳಿಹಾಕುವಂತಹ ಪ್ರಶ್ನೆಯಾಗಿರಲಿಲ್ಲ. ಉತ್ತರ ಇಟಲಿಯ ಏಳು ಆಸ್ಪತ್ರೆಗಳ 338 ಮಧುಮೇಹಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2020ರಲ್ಲಿ ಹೊರಬಂದಿತು. ಸಿಟಾಗ್ಲಿಪ್ಟಿನ್ ಪಡೆದವರಲ್ಲಿ ನೂರಕ್ಕೆ 18, ಪಡೆಯದವರಲ್ಲಿ ನೂರಕ್ಕೆ 37 ಮಂದಿ ಮೃತಪಟ್ಟಿದ್ದರು. ಅಂಕಿಗಳು ಆಶಾದಾಯಕವಾಗಿದ್ದವು. ಆದರೆ ಇದು ಹಿಂದಿನ ದಾಖಲೆಗಳ ಹೋಲಿಕೆಯೇ ಹೊರತು, ಯಾರಿಗೆ ಔಷಧ ಕೊಡಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ನಡೆಸಿದ ಪರೀಕ್ಷೆಯಲ್ಲ. ಔಷಧ ಪಡೆದವರಿಗೂ ಪಡೆಯದವರಿಗೂ ಬೇರೆ ವ್ಯತ್ಯಾಸಗಳಿರುವ ಸಾಧ್ಯತೆ ಇಂತಹ ಅಧ್ಯಯನಗಳಲ್ಲಿ ಸದಾ ಇರುತ್ತದೆ.

2021ರಲ್ಲಿ ಇಂಗ್ಲೆಂಡಿನ 28 ಲಕ್ಷಕ್ಕೂ ಹೆಚ್ಚು ಮಧುಮೇಹಿಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನ ಪ್ರಕಟವಾಯಿತು. ಗ್ಲಿಪ್ಟಿನ್ ಸೇವಿಸುತ್ತಿದ್ದವರಲ್ಲಿ ಕೋವಿಡ್ ಸಾವಿನ ಅಪಾಯ ಉಳಿದವರಿಗಿಂತ ನೂರಕ್ಕೆ 7ರಷ್ಟು ಮಾತ್ರ ಹೆಚ್ಚು ಕಂಡಿತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಔಷಧಕ್ಕಿಂತ ಅದನ್ನು ಯಾವ ರೋಗಿಗಳಿಗೆ ಬರೆಯಲಾಗುತ್ತದೆ ಎಂಬುದೇ ಕಾರಣವಿರಬಹುದು, ಚಿಕಿತ್ಸೆ ಬದಲಿಸಲು ಆಧಾರವಿಲ್ಲ ಎಂಬುದು ಅಧ್ಯಯನಕಾರರ ತೀರ್ಮಾನ. ಆಸ್ಪತ್ರೆಗೆ ದಾಖಲಾದ ಮಧುಮೇಹಿಗಳ ಕುರಿತ ಫ್ರಾನ್ಸಿನ ಅಧ್ಯಯನದಲ್ಲಿ ಲಾಭವೂ ಕಾಣಲಿಲ್ಲ, ಹಾನಿಯೂ ಕಾಣಲಿಲ್ಲ. ಇಸ್ರೇಲಿನಲ್ಲಿ 64 ರೋಗಿಗಳ ಮೇಲೆ ಲಿನಾಗ್ಲಿಪ್ಟಿನ್ ಕುರಿತು ನಡೆದ ಯಾದೃಚ್ಛಿಕ ಪರೀಕ್ಷೆಯಲ್ಲಿಯೂ ಚೇತರಿಕೆ ಬೇಗನೆ ಆಗಲಿಲ್ಲ. ಮಾತ್ರೆ ರಕ್ಷಾಕವಚವೂ ಅಲ್ಲ, ಶತ್ರುವೂ ಅಲ್ಲ ಎಂಬಲ್ಲಿಗೆ ಈ ಚರ್ಚೆ ಬಂದು ನಿಂತಿದೆ.

ಚಿಕಿತ್ಸೆಯ ಹಾದಿ ಮತ್ತು ಮುಂದಿನ ಆತಂಕ

ಮರ್ಸ್‌ಗೆ ಇಂದಿಗೂ ಪರವಾನಗಿ ಪಡೆದ ಲಸಿಕೆಯಿಲ್ಲ. ಕೆಲವು ಲಸಿಕೆಗಳು ಮನುಷ್ಯರ ಮೇಲಿನ ಪ್ರಯೋಗದ ಹಂತದಲ್ಲಿವೆ. ಇವುಗಳಲ್ಲಿ ಹೆಚ್ಚಿನವುಗಳ ಗುರಿ ಡಿಪಿಪಿ-4 ಅಲ್ಲ, ಅದನ್ನು ಹಿಡಿಯುವ ಮುಳ್ಳಿನ ಪ್ರೋಟೀನ್. ನಮ್ಮದೇ ದೇಹದ, ಅನೇಕ ಅಂಗಗಳಲ್ಲಿ ಕೆಲಸ ಮಾಡುವ ಕಿಣ್ವವನ್ನು ಪ್ರತಿಕಾಯಗಳಿಂದ ಮುಚ್ಚಿಹಾಕುವುದಕ್ಕಿಂತ ವೈರಾಣುವಿನ ಕೈ ಕಟ್ಟುವುದು ಕ್ಷೇಮ ಎಂಬುದು ಇದರ ಹಿಂದಿನ ತರ್ಕ. ಸೌದಿ ಅರೇಬಿಯಾದಲ್ಲಿ 95 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಲೋಪಿನಾವಿರ್, ರಿಟೊನಾವಿರ್ ಮತ್ತು ಇಂಟರ್‌ಫೆರಾನ್‌ಗಳನ್ನು ಜೊತೆಯಾಗಿ ಕೊಟ್ಟಾಗ 90 ದಿನಗಳೊಳಗಿನ ಸಾವು ನೂರಕ್ಕೆ 44ರಿಂದ 28ಕ್ಕೆ ಇಳಿದಿತ್ತು.

ಡಿಪಿಪಿ-4 ಎಂಬ ಬಾಗಿಲನ್ನು ಬಲ್ಲ ವೈರಾಣು ಮರ್ಸ್ ಒಂದೇ ಅಲ್ಲ. ಚೀನಾದ ಬಾವಲಿಗಳಲ್ಲಿರುವ ಎಚ್‌ಕೆಯು4 ಎಂಬ ವೈರಾಣುವೂ ಮನುಷ್ಯನ ಡಿಪಿಪಿ-4ನ್ನು ಹಿಡಿಯಬಲ್ಲದೆಂದು 2014ರಲ್ಲಿ ತಿಳಿಯಿತು. ಅದರ ಹತ್ತಿರದ ಬಂಧುವೊಂದು ಚಿಪ್ಪುಹಂದಿಗಳಲ್ಲಿ ಸಿಕ್ಕಿದ್ದು, ಅದೂ ಇದೇ ಬಾಗಿಲನ್ನು ಬಳಸುತ್ತದೆಂದು 2023ರಲ್ಲಿ ವರದಿಯಾಯಿತು. ಇದೇ ಕುಟುಂಬದ ಇನ್ನು ಕೆಲವು ಬಾವಲಿ ವೈರಾಣುಗಳು ಎಸಿಇ-2ರ ಕಡೆಗೆ ಹೊರಳಿರುವುದೂ ಪತ್ತೆಯಾಗಿದೆ. ಯಾವ ವೈರಾಣು ಯಾವ ಬಾಗಿಲನ್ನು ಬಲ್ಲದು ಎಂಬ ಪಟ್ಟಿಯನ್ನು ಮೊದಲೇ ಸಿದ್ಧವಿಟ್ಟುಕೊಳ್ಳುವುದು ಮುಂದಿನ ಸಾಂಕ್ರಾಮಿಕವನ್ನು ಎದುರಿಸುವ ತಯಾರಿಯ ಮುಖ್ಯ ಭಾಗವಾಗಿದೆ.

ಓದುಗರು ಗಮನಿಸಬೇಕಾದದ್ದು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಕರ್ನಾಟಕದ ಕರಾವಳಿಯ ಸಾವಿರಾರು ಕುಟುಂಬಗಳ ಸದಸ್ಯರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಹಜ್ ಮತ್ತು ಉಮ್ರಾ ಯಾತ್ರೆಗೆ ಪ್ರತಿ ವರ್ಷ ತೆರಳುವವರಲ್ಲಿ ಹಿರಿಯರೂ ಮಧುಮೇಹಿಗಳೂ ಇರುತ್ತಾರೆ. ಆದ್ದರಿಂದ ಈ ವಿಷಯ ನಮಗೆ ದೂರದ್ದಲ್ಲ. ಮಧುಮೇಹ, ಮೂತ್ರಪಿಂಡದ ವೈಫಲ್ಯ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು ಆ ಭಾಗದಲ್ಲಿ ಒಂಟೆಗಳ ಸಂಪರ್ಕದಿಂದ ದೂರವಿರಬೇಕು. ಕಾಯಿಸದ ಒಂಟೆ ಹಾಲು, ಸರಿಯಾಗಿ ಬೇಯಿಸದ ಮಾಂಸ ಸೇವಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಮರಳಿ ಬಂದ ಎರಡು ವಾರಗಳೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಪ್ರಯಾಣದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಗ್ಲಿಪ್ಟಿನ್ ಮಾತ್ರೆ ಸೇವಿಸುತ್ತಿರುವವರು ಸೋಂಕಿನ ಭಯದಿಂದ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಸೋಂಕು ತಡೆಯಲೆಂದು ಅದನ್ನು ಹೊಸದಾಗಿ ಆರಂಭಿಸುವುದಕ್ಕೂ ಅರ್ಥವಿಲ್ಲ. ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಸಕ್ಕರೆ ಏರುತ್ತದೆ. ಹತೋಟಿ ತಪ್ಪಿದ ಸಕ್ಕರೆಯೇ ದೇಹದ ಕಾವಲನ್ನು ದುರ್ಬಲಗೊಳಿಸುವ ಮುಖ್ಯ ಕಾರಣ. 2021ರ ಎರಡನೆಯ ಅಲೆಯಲ್ಲಿ ನಮ್ಮ ರಾಜ್ಯವೂ ಸೇರಿದಂತೆ ದೇಶದಾದ್ಯಂತ ಕಪ್ಪು ಶಿಲೀಂಧ್ರದ ಕಾಯಿಲೆಗೆ ತುತ್ತಾದವರಲ್ಲಿ ಬಹುತೇಕರು ಮಧುಮೇಹಿಗಳಾಗಿದ್ದುದನ್ನು ಇಲ್ಲಿ ನೆನೆಯಬಹುದು. ವೈರಾಣು ಯಾವ ಬಾಗಿಲಿನಿಂದ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಒಳಗಿನ ಕಾವಲನ್ನು ಗಟ್ಟಿಯಾಗಿ ಇಟ್ಟುಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.